ಮೊಣಕೈಗೆ ಗೊತ್ತಿರೋ ಬಿಸಿ

ಈಗಷ್ಟೇ ಮೊಮ್ಮಗನಿಗೆ ನೀರೆರೆದು ಮಲಗಿಸಿ ಬಂದೆ ಅಕ್ಕಾ. ನೋಡಿ, ಕೈಯೆಲ್ಲ ಇನ್ನೂ ಎಣ್ಣೆ ಜಿಡ್ಡು.

ನೀರಿನ ಬಿಸಿ ನೋಡೋಕೆ ಅಂತ ಅಳಿಯಂದಿರು ಥರ್ಮಾಮೀಟರ್ ತಂದಿದ್ದಾರೆ. ಇರಲಿ, ಒಳ್ಳೇದೇ. ಆದರೂ ಬೆರೆಸಿದ ನೀರಿಗೆ ಮೊಣಕೈ ಅದ್ದದೆ ನನಗೆ ಧೈರ್ಯ ಬರಲ್ಲ. ಅಂಗೈನ ನಂಬೋ ಹಾಗಿಲ್ಲ. ನಲವತ್ತು ವರ್ಷ ಕಾವಲಿ ಮೇಲೆ ರೊಟ್ಟಿ ತಟ್ಟಿದ ಕೈ, ಸುಡೋದೂ ಬೆಚ್ಚಗೇ ಅನ್ನುತ್ತೆ. ತಣ್ಣೀರಲ್ಲಿ ಪಾತ್ರೆ ತೊಳೆದು ಬಂದಿದ್ರಂತೂ ಉಗುರುಬೆಚ್ಚಗಿನ ನೀರೂ ಚುರ್ ಅನ್ನುತ್ತೆ.

ಮಗಳು ಓದಿ ಹೇಳಿದ್ಲು. ನರದ ತುದಿಯಲ್ಲಿ ಪುಟ್ಟ ಬಾಗಿಲುಗಳಿರ್ತಾವಂತೆ. ಬಿಸಿ ಸುಮಾರು 43 ಡಿಗ್ರಿ ದಾಟಿದ್ರೆ ಒಂದು ಬಾಗಿಲು ತೆರೆದುಕೊಳ್ಳುತ್ತೆ, ಮೆಣಸಿನಕಾಯಿ ಖಾರಕ್ಕೂ ಅದೇ ಬಾಗಿಲು! ಅದನ್ನ ಕಂಡುಹಿಡಿದವರು ಡೇವಿಡ್ ಜೂಲಿಯಸ್, ಒತ್ತಿದ್ದು ತಿಳಿಸೋ ಬಾಗಿಲು ಕಂಡವರು ಆರ್ಡೆಮ್ ಪಟಪೂಟಿಯನ್. 2021ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಮೆಣಸಿನಕಾಯಿ ಬಿಡಿಸಿದ ಕೈ ರಾತ್ರಿವರೆಗೂ ಉರಿಯೋದ್ಯಾಕೆ ಅಂತ ನನಗೆ ತಿಳಿದಿದ್ದೇ ಆಗ.

ಮಣೆ ಮೇಲೆ ಕೂತು ಕಾಲು ಚಾಚಿ ಮಗೂನ ಬೋರಲು ಮಲಗಿಸಿಕೊಳ್ತೀನಿ. ಎಣ್ಣೆ ಹಚ್ಚಿದ ಮೈ, ಬೆರಳಿಗೆ ಸಿಗೋದೇ ಇಲ್ಲ. ಹಿಡಿದಿರೋದು ನನ್ನ ಎರಡು ಕಾಲೇ. ಅವನ ಹೊಟ್ಟೆ ಉಬ್ಬಿ ಇಳಿಯೋದು ಮೊಣಕಾಲಿನ ಕೆಳಗೆ ಗೊತ್ತಾಗ್ತಾ ಇರುತ್ತೆ. ತೊಡೆ ಮಡಿಕೆಯಲ್ಲಿ ಬೆರಳಾಡಿಸಿದ್ರೆ ಕಾಲು ಝಾಡಿಸ್ತಾನೆ. ಕೈ ಅವಸರ ಮಾಡಿತೋ, ಅಳು ಶುರು. ಅದಕ್ಕೂ ಕಾರಣ ಇದೆಯಂತೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರಿನಷ್ಟು ನಿಧಾನಕ್ಕೆ ನೇವರಿಸಿದಾಗ ಚೆನ್ನಾಗಿ ಮಿಡಿಯೋ ನರಗಳೇ ಬೇರೆ ಇವೆ. ನಮ್ಮಮ್ಮ ಎಣಿಸಿ ನೀವಿದವಳಲ್ಲ. ಅವಳ ಒರಟು ಅಂಗೈ ಕತ್ತಿನಿಂದ ಸೊಂಟಕ್ಕೆ ಇಳಿಯೋ ಹೊತ್ತಿಗೆ ನನಗೆ ಕಣ್ಣು ಮುಚ್ಚಿಕೊಂಡು ಬರ್ತಿತ್ತು. ಸೀಗೆಪುಡಿ ತರಿತರಿ, ಬಗ್ಗಿದಾಗ ಕತ್ತಿಗೆ ತಾಕೋ ಗಾಜಿನ ಬಳೆ ತಣ್ಣಗೆ. ಅಮ್ಮನ ದನಿ ಈಗ ಸರಿಯಾಗಿ ನೆನಪಾಗಲ್ಲ ಅಕ್ಕಾ, ಆ ಕೈ ಮಾತ್ರ ಬೆನ್ನ ಮೇಲೆ ಹಾಗೇ ಇದೆ.

ಇವತ್ತು ಮೊದಲ ತಂಬಿಗೆ ಬೆನ್ನಿಗೆ ಬಿದ್ದಿದ್ದೇ ತಡ, ಅಳು ನಿಲ್ಲಿಸಿ ಉದ್ದಕ್ಕೆ ಉಸಿರು ಬಿಟ್ಟ.

ನಾಳೆ ಎಂಟು ಗಂಟೆಗೆ ಬನ್ನಿ, ನೀರು ಹುಯ್ಯೋಕೆ ಇನ್ನೊಂದು ಕೈ ಬೇಕು. ಉಂಗುರ ತೆಗೆದಿಟ್ಟು ಬನ್ನಿ, ಎಳೇ ಚರ್ಮ.