ಪ್ರತಿಯೊಬ್ಬರಿಗೂ ಒಂದು ಪ್ರತಿ

ರೀ, ನಿಮ್ಮ ಮಗಳು ಊಟ ಆದ ಮೇಲೂ ಲ್ಯಾಪ್‌ಟಾಪ್ ಮುಚ್ಚೋದಿಲ್ಲ ಅಂತ ಮೊನ್ನೆ ಹೇಳಿದ್ರಲ್ಲ, ಆವಾಗಿಂದ ಅದೇ ತಲೇಲಿ ಕೊರೀತಾ ಇದೆ. ಕೆಲಸ ಜಾಸ್ತಿ ಇರಬಹುದು, ಇಲ್ಲ ಅನ್ನಲ್ಲ. ಆದ್ರೆ ಬರೋ ಮೇಲ್‌ಗಳಲ್ಲಿ ಅವಳೇ ಉತ್ತರ ಕೊಡಬೇಕಾದ್ದು ಎಷ್ಟು, ಬರೀ ಸಿಸಿಯಲ್ಲಿ ಬಂದು ಬಿದ್ದದ್ದೆಷ್ಟು, ಒಮ್ಮೆ ಕೇಳಿ ನೋಡಿ. ಕೆಲಸಕ್ಕಿಂತ ಕೆಲಸದ ಸುದ್ದಿಯೇ ಜನರನ್ನ ಹೆಚ್ಚು ದಣಿಸುತ್ತೆ ಅಂತ ನನಗನ್ನಿಸುತ್ತೆ.

ಈ ‘ಸಿಸಿ’ ಅಂದ್ರೆ ಕಾರ್ಬನ್ ಕಾಪಿ; ಅದು ನಿಜವಾಗಿ ಕಾರ್ಬನ್ ಪ್ರತಿಯೇ ಆಗಿದ್ದ ಟೈಪ್‌ರೈಟರ್ ಕಾಲ ನಿಮಗೂ ನೆನಪಿದೆಯಲ್ಲ. ಎರಡು ಹಾಳೆ ನಡುವೆ ಕಾರ್ಬನ್ ಇಟ್ಟು ಕುಟ್ಟಬೇಕು, ಬೆರಳೆಲ್ಲ ಮಸಿ. ಒಂದು ಅಕ್ಷರ ತಪ್ಪಿದ್ರೆ ಅಷ್ಟೂ ಪ್ರತಿ ತಿದ್ದಬೇಕು, ಕೊನೇ ಪ್ರತಿಯಂತೂ ಮಸುಕು ಮಸುಕು. ಹಾಗಾಗಿ ಯಾರಿಗೆ ಪ್ರತಿ ಕಳಿಸ್ಬೇಕು ಅಂತ ಜನ ಯೋಚನೆ ಮಾಡೋರು. ಈಗ ಒಂದು ಹೆಸರು ಸೇರಿಸೋಕೆ ಏನೂ ಖರ್ಚಿಲ್ಲ. ಖರ್ಚೆಲ್ಲ ಓದೋರ ಪಾಲಿಗೆ.

ಇದು ಎಲ್ಲಿಗೆ ಹೋಗಿ ಮುಟ್ಟುತ್ತೆ ಗೊತ್ತಾ? 1997ರಲ್ಲಿ ಮೈಕ್ರೋಸಾಫ್ಟ್ ಕಂಪನಿಯೊಳಗೇ ಒಂದು ಪ್ರಸಂಗ ನಡೀತು. ಸುಮಾರು 13,000 ನೌಕರರ ಹೆಸರಿದ್ದ ಒಂದು ಮೇಲ್ ಪಟ್ಟಿ. ಅದರ ಹೆಸರು ‘ಬೆಡ್ಲಾಮ್ ಡಿಎಲ್3’. ತಾನು ಈ ಪಟ್ಟಿಯಲ್ಲಿದೀನಿ ಅಂತ ಯಾರೋ ಒಬ್ಬರು ಗಮನಿಸಿ, ‘ನನ್ನ ಹೆಸರು ತೆಗೀರಿ’ ಅಂತ ಪಟ್ಟಿಗೇ ಬರೆದ್ರು. ಅದು ಎಲ್ಲರಿಗೂ ಹೋಯ್ತು. ‘ನಂದೂ ತೆಗೀರಿ’ ಅಂತ ಇನ್ನೊಬ್ಬರು, ಮತ್ತೊಬ್ಬರು. ‘ಎಲ್ಲರಿಗೂ ಉತ್ತರಿಸೋದು ನಿಲ್ಲಿಸಿ’ ಅಂತ ಬುದ್ಧಿ ಹೇಳಿದೋರು ಕೂಡ ಎಲ್ಲರಿಗೂ ಉತ್ತರಿಸಿಯೇ ಹೇಳಿದ್ರು. ನೋಡ್ತಾ ನೋಡ್ತಾ ಒಂದೂವರೆ ಕೋಟಿ ಸಂದೇಶ, ಸರ್ವರ್‌ಗಳು ಕುಸಿದವು. ಮೇಲ್ ವ್ಯವಸ್ಥೆ ತಯಾರು ಮಾಡೋರ ಮನೇಲೇ ಹೀಗಾಯ್ತು! 2020ರಲ್ಲಿ ಅದೇ ಕಂಪನಿ ಇದಕ್ಕೊಂದು ತಡೆ ತಂತು: 5,000ಕ್ಕಿಂತ ಹೆಚ್ಚು ಜನರಿಗೆ ಒಂದು ಗಂಟೆಯೊಳಗೆ ಹತ್ತು ಸಲ ‘ರಿಪ್ಲೈ ಆಲ್’ ಹೋದ್ರೆ ಆ ಮಾತುಕತೆಗೆ ನಾಲ್ಕು ಗಂಟೆ ಬೀಗ. ಒಳ್ಳೇದೇ. ಆದ್ರೆ ಇಪ್ಪತ್ತು ಜನರ ತಂಡದಲ್ಲಿ ‘ಥ್ಯಾಂಕ್ಸ್’, ‘ನೋಟೆಡ್’ ಅಂತ ಹತ್ತೊಂಬತ್ತು ಮಂದಿಗೆ ಹೋಗುತ್ತಲ್ಲ, ಅದನ್ನ ಯಾವ ಯಂತ್ರ ತಡೀಬೇಕು?

ನಿಮ್ಮ ಮಗಳಿಗೆ ಒಂದು ಕೆಲಸ ಹೇಳಿ. ಔಟ್‌ಲುಕ್‌ನಲ್ಲಿ ರೂಲ್ ಅಂತ ಇರುತ್ತೆ: ತನ್ನ ಹೆಸರು ಬರೀ ಸಿಸಿಯಲ್ಲಿರೋ ಮೇಲ್‌ಗಳೆಲ್ಲ ಬೇರೆ ಫೋಲ್ಡರ್‌ಗೆ ಹೋಗಲಿ. ದಿನಕ್ಕೊಮ್ಮೆ ಅದನ್ನ ನೋಡಿದ್ರೆ ಸಾಕು. ಸಂಬಂಧವಿಲ್ಲದ ಸರಣಿ ಆದ್ರೆ ಜಿಮೇಲ್‌ನಲ್ಲಿ ಮ್ಯೂಟ್ ಮಾಡಬಹುದು. ಬರೆಯೋವಾಗ ಮೊದಲು ಒಕ್ಕಣೆ, ವಿಳಾಸ ಕೊನೇಲಿ. ಹಾಗೆ ಮಾಡಿದ್ರೆ ಅರ್ಧ ಬರೆದದ್ದು ಕೈತಪ್ಪಿ ಹೋಗಲ್ಲ, ಒಂದೊಂದು ಹೆಸರು ಹಾಕೋವಾಗಲೂ ಇವರಿಗೆ ಯಾಕೆ ಅಂತ ಒಂದು ಕ್ಷಣ ಯೋಚಿಸಬೇಕಾಗುತ್ತೆ.

ಇನ್ನು ಆ ‘ಇಒಡಿ’. ದಿನ ಮುಗಿಯೋದ್ರೊಳಗೆ ಕಳಿಸಿ ಅಂತಾರೆ, ಯಾರ ದಿನ? ಇಲ್ಲಿ ಸಂಜೆ ಆರೂವರೆಗೆ ಬ್ಯಾಗ್ ಹೆಗಲಿಗೇರಿಸೋ ಹೊತ್ತಲ್ಲಿ ನ್ಯೂಯಾರ್ಕ್‌ನಲ್ಲಿ, ಬೇಸಿಗೆಯಾದ್ರೆ, ಬೆಳಗಿನ ಒಂಬತ್ತು ಗಂಟೆ. ಅವರ ದಿನ ಮುಗಿಯೋವರೆಗೆ ಇವಳು ಕಾಯ್ತಾ ಕೂತ್ರೆ ನಡುರಾತ್ರಿ ದಾಟುತ್ತೆ. ‘ಗುರುವಾರ ಮಧ್ಯಾಹ್ನ ಮೂರು, ಭಾರತದ ಸಮಯ’ ಅಂತ ಬರೆದ್ರೆ ಆ ಕಾಯೋದೇ ಇಲ್ಲ. ರಾತ್ರಿ ಬರೆದದ್ದನ್ನ ಬೆಳಿಗ್ಗೆ ತಲುಪೋ ಹಾಗೆ ಇಡೋಕೂ ಬರುತ್ತೆ, ಜಿಮೇಲ್‌ನಲ್ಲಿ 2019ರಿಂದ ಆ ಸೌಲಭ್ಯ ಇದೆ.

ಆದ್ರೆ ಇದನ್ನೆಲ್ಲ ಕಿರಿಯರ ತಲೆಗೇ ಕಟ್ಟೋದು ನ್ಯಾಯ ಅಲ್ಲ. ಮ್ಯಾನೇಜರ್ ರಾತ್ರಿ ಹತ್ತಕ್ಕೆ ಮೇಲ್ ಹಾಕಿದ್ರೆ, ‘ನಾಳೆ ನೋಡಿದ್ರಾಯ್ತು’ ಅಂತ ಅದರಲ್ಲೇ ಬರೆದಿದ್ರೂ, ಹೊಸದಾಗಿ ಸೇರಿದ ಹುಡುಗಿ ಆಗಲೇ ತೆಗೀತಾಳೆ. ಫ್ರಾನ್ಸ್‌ನಲ್ಲಿ 2017ರಿಂದ, 50 ಜನಕ್ಕಿಂತ ಕಡಿಮೆ ಇಲ್ಲದ ಕಂಪನಿಗಳು ಕೆಲಸದ ಹೊತ್ತು ಮೀರಿದ ಮೇಲೆ ಮೇಲ್‌ಗಳಿಂದ ದೂರ ಇರೋ ಹಕ್ಕಿನ ಬಗ್ಗೆ ನೌಕರರ ಪ್ರತಿನಿಧಿಗಳ ಜೊತೆ ಕೂತು ಮಾತಾಡಲೇಬೇಕು. ನಮ್ಮಲ್ಲಿ ಕಾನೂನು ಬರೋವರೆಗೆ ಕಾಯೋದು ಯಾಕೆ? ರಾತ್ರಿ ಎಂಟಾದ ಮೇಲೆ ತುರ್ತು ಇದ್ರೆ ಫೋನ್ ಮಾಡ್ತೀವಿ, ಮೇಲ್ ನೋಡ್ಬೇಡಿ ಅಂತ ಒಂದು ತಂಡದ ಮುಖ್ಯಸ್ಥರು ಹೇಳಿ, ತಾವೂ ಹಾಗೇ ನಡ್ಕೊಂಡ್ರೆ ಆ ತಂಡದ ಮಟ್ಟಿಗಾದ್ರೂ ಅವತ್ತಿಂದಲೇ ಜಾರಿ.