ಬೆಳಕಿಗೆ ಕಿವಿ ಬಂದಾಗ

ಮುಡಬಿಯಲ್ಲಿ ಲಗ್ನವಿರಲಿ, ಜಾತ್ರೆಯಿರಲಿ, ಶಾಲೆಯ ಗ್ಯಾದರಿಂಗ್ ಇರಲಿ, ಸೌಂಡಿನವರೂ ಲೈಟಿನವರೂ ಈಗ ಒಂದೇ ಗಾಡಿಯಲ್ಲಿ ಬಂದಿಳಿಯುತ್ತಾರೆ. ಹಿಂದೆ ಇವೆರಡೂ ಬೇರೆ ಬೇರೆ ಮನೆತನ. ಗ್ಯಾಸ್‌ಬತ್ತಿಯವನು ಪಂಪ್ ಹೊಡೆದು ಮೂಲೆಗೆ ಹೋಗಿ ಮಲಗಿದನೆಂದರೆ, ಆಟದ ರಾಕ್ಷಸ ಎಷ್ಟೇ ಅಬ್ಬರಿಸಲಿ, ಬತ್ತಿ ತನ್ನ ಪಾಡಿಗೆ ಉರಿಯುತ್ತಿತ್ತು. ಈಗ ಡೋಲಿಗೆ ಪೆಟ್ಟು ಬಿದ್ದರೆ ಮದುಮಕ್ಕಳ ಮುಖ ನೀಲಿಯಾಗಲೇಬೇಕು.

ಇದಕ್ಕೊಂದು ಅಗ್ಗದ ದಾರಿಯಿದೆ. ಎಲ್‌ಇಡಿ ಪಾರ್ ಲೈಟಿನ ಒಳಗೆ ಸಣ್ಣ ಮೈಕೊಂದು ಕೂತಿರುತ್ತದೆ. ಬೆನ್ನಿನ ಗುಂಡಿ ಒತ್ತಿ ‘ಸೌಂಡ್’ಗೆ ಇಟ್ಟರೆ ಸಾಕು, ಸದ್ದಾದಾಗಲೆಲ್ಲ ಬಣ್ಣ ಬದಲಾಗುತ್ತದೆ. ಯಾರ ಸದ್ದು, ಎಂಥ ಸದ್ದು ಎಂದು ಅದು ವಿಚಾರಿಸುವುದಿಲ್ಲ. ನಮ್ಮ ಓಣಿಯ ಗಣಪತಿ ಪೆಂಡಾಲಿನಲ್ಲಿ ಮುಖಂಡರೊಬ್ಬರು ಭಾಷಣಕ್ಕೆ ನಿಂತರು. ಆ ಗುಂಡಿ ತೆಗೆಯುವುದು ಯಾರಿಗೂ ನೆನಪಾಗಲಿಲ್ಲ. ‘ಬಾಂಧವರೇ’ ಎಂದಾಗ ಕೆಂಪು, ‘ಅಭಿವೃದ್ಧಿ’ ಎಂದಾಗ ಹಸಿರು, ಕೆಮ್ಮಿದಾಗ ನೇರಳೆ. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಪಕ್ಕದವರಿಗೆ ಹೇಳಿದರು: “ಮಂದಿ ಮುಂದೇ ಬಣ್ಣ ಬಯಲಾಗ್ಲತ್ತದ ನೋಡು.”

ನಮ್ಮ ಅಣ್ಣನ ಮಗ ಈ ಧಂದೆಯಲ್ಲಿದ್ದಾನೆ. ಅವನಿಗೆ ಈ ಗುಂಡಿ ಕಂಡರೇ ಸಿಟ್ಟು. “ಕಾಕಾ, ಲೈಟಿಗಿ ಕಿವಿ ಇರಬಾರ್ದು. ಹೇಳಿದ್ದಷ್ಟು ಮಾಡ್ಬೇಕು” ಎನ್ನುತ್ತಾನೆ. ಅವನ ದೇವರು ಡಿಎಂಎಕ್ಸ್ 512. ಅಮೆರಿಕದ ರಂಗಭೂಮಿ ತಂತ್ರಜ್ಞರ ಸಂಘವೊಂದು 1986ರಲ್ಲಿ ಮಾಡಿಟ್ಟ ಪದ್ಧತಿ ಅದು. ಒಂದು ವೈರಿನಲ್ಲಿ 512 ಚಾನಲ್. ಪ್ರತಿ ಚಾನಲ್ಲಿಗೂ ಸೊನ್ನೆಯಿಂದ 255ರವರೆಗೆ ಒಂದು ಅಂಕಿ. ಅಷ್ಟೂ ಅಂಕಿಗಳನ್ನು ಸೆಕೆಂಡಿಗೆ ಸುಮಾರು 44 ಸಲ ಓದಿ ಹೇಳುತ್ತಲೇ ಇರುತ್ತದೆ. ಕೆಂಪಿಗೊಂದು ಚಾನಲ್, ಹಸಿರಿಗೊಂದು, ನೀಲಿಗೊಂದು. ಪ್ರತಿ ಲೈಟಿಗೂ ತನ್ನದೇ ಅಡ್ರೆಸ್ ಉಂಟು. ‘ಗುಡಿ ಹಿಂದ, ಬೇವಿನ ಗಿಡದ ಬಾಜೂಕ’ ಎಂದು ಬರೆದರೂ ಟಪಾಲು ಮುಟ್ಟುವ ಊರಿನಲ್ಲಿ ಲೈಟುಗಳು 001, 008 ಎಂದು ಮನೆ ನಂಬರು ಹಾಕಿಕೊಂಡು ಕಂಬ ಏರಿವೆ. ಸಾಲಿನ ಕೊನೆಯ ಲೈಟಿಗೆ 120 ಓಮ್‌ನ ಪುಟ್ಟ ರೆಸಿಸ್ಟರ್ ಸಿಕ್ಕಿಸಬೇಕಂತೆ. ಇಲ್ಲದಿದ್ದರೆ ಹೋದ ಅಪ್ಪಣೆ ವೈರಿನ ತುದಿಗೆ ಬಡಿದು ತಿರುಗಿ ಬಂದು, ಹಿಂದಿನಿಂದ ಬರುತ್ತಿರುವ ಅಪ್ಪಣೆಗೆ ಡಿಕ್ಕಿ ಹೊಡೆದು, ಲೈಟುಗಳು ಮೈಮೇಲೆ ದೇವರು ಬಂದವರ ಹಾಗೆ ಆಡುತ್ತವೆ.

ನನಗೆ ಇದರಲ್ಲಿ ಹಿಡಿಸಿದ್ದು ಬೇರೆಯೇ ಸಂಗತಿ. ಅಪ್ಪಣೆಯೆಲ್ಲ ಒಂದೇ ದಿಕ್ಕಿಗೆ. ಹೇಳುವುದಷ್ಟೇ ಕೆಲಸ, ಕೇಳಿತೇ, ತಿಳಿಯಿತೇ ಎಂದು ಲೈಟು ಮರುಮಾತಾಡುವ ಏರ್ಪಾಡು ಮೂಲದಲ್ಲಿ ಇಲ್ಲವೇ ಇಲ್ಲ. ಜೀವಮಾನವೆಲ್ಲ ಏಳನೆಯ ಇಯತ್ತೆಗೆ ಗಣಿತ ಕಲಿಸಿದ ನನಗೆ ಈ ಪದ್ಧತಿಯ ಪರಿಚಯ 1986ಕ್ಕೂ ಹಿಂದಿನದು.

ಹಾಡು ಮತ್ತು ಬೆಳಕನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಜೋಡಿಸುವವರು ಇನ್ನೂ ಮೇಲಿನ ದರ್ಜೆಯವರು. ಅವರದು ಟೈಮ್‌ಕೋಡ್. ರೆಕಾರ್ಡಿಂಗಿನ ಒಂದು ಪಕ್ಕದಲ್ಲಿ ಸಂಗೀತ, ಇನ್ನೊಂದು ಪಕ್ಕದಲ್ಲಿ ಗಡಿಯಾರ. ಸೆಕೆಂಡಿಗೆ 25 ಸಲ ‘ಈಗ ಇಷ್ಟು ಹೊತ್ತು’ ಎಂದು ಅದು ಕೂಗುತ್ತದೆ, ಒಂದೊಂದು ಕೂಗಿನಲ್ಲೂ 80 ಬಿಟ್. ಆ ಕೂಗು ಲೈಟಿನ ಕಂಪ್ಯೂಟರಿಗೆ ಮಾತ್ರ ಕೇಳಬೇಕು, ಜನರಿಗಲ್ಲ. ಏಳಕ್ಕೆಂದು ಸಾರಿದ ಕಾರ್ಯಕ್ರಮ ಒಂಬತ್ತೂವರೆಗೆ ಶುರುವಾಗುವ ಕಡೆ ಸೆಕೆಂಡಿನ 25ನೇ ಒಂದು ಭಾಗವನ್ನು ಎಣಿಸುವ ಯಂತ್ರ ಬಂತಲ್ಲ ಎಂದು ನಾನು ಹಿಗ್ಗಿದ್ದೆ.

ಹೊರಗಿನ ತಂಡವೊಂದು ಇಂಥ ಸಾಮಾನು ಹೊತ್ತು ಬಸವಣ್ಣನವರ ಜೀವನದ ಧ್ವನಿ-ಬೆಳಕಿನ ಪ್ರಯೋಗ ಮಾಡಲು ಬಂತು. ಸೌಂಡು ಮಾತ್ರ ಸ್ಥಳೀಯರದು. ಆ ಪುಣ್ಯಾತ್ಮರ ಮಿಕ್ಸರ್ ಎಡ-ಬಲ ಎರಡನ್ನೂ ಕಲೆಸಿ ಒಂದೇ ಮಾಡಿ ದೊಡ್ಡ ಡಬ್ಬಿಗಳಿಗೆ ಕಳಿಸಿತು. ಬಿಜ್ಜಳನ ಪ್ರವೇಶ, ಜೊತೆಗೇ ‘ಕಿರ್ರ್ರ್’ ಎಂಬ ಕರ್ಕಶ. ಬಿಜ್ಜಳ ಮಾತು ನಿಲ್ಲಿಸಿದರೂ ಅದು ನಿಲ್ಲಲೊಲ್ಲದು. ನನ್ನ ಮುಂದೆ ಕೂತಿದ್ದ ಅಜ್ಜಿ ಮೊಮ್ಮಗನಿಗೆ ವಿವರಿಸಿದಳು: “ಮಂಗಳವೇಡಿಂದ ಬರ್ಲತ್ತಾನಪ್ಪ, ದೂರದ ಹಾದಿ. ಗಾಲಿಗಿ ಎಣ್ಣಿ ಹಾಕಿಲ್ಲ.” ವಿಶೇಷವೆಂದರೆ ಬೆಳಕು ಒಂದು ಚೂರೂ ತಪ್ಪಲಿಲ್ಲ. ಊರವರ ಕಿವಿ ಹರಿಯುತ್ತಿದ್ದ ಆ ಸದ್ದೇ ಅದಕ್ಕೆ ಶುದ್ಧ ಪಂಚಾಂಗ.

ಎಷ್ಟು ಜೋಡಿಸಿದರೂ ನೀರಿನ ಟಾಕಿಯ ಹತ್ತಿರ ಕೂತವರಿಗೆ ಮಾತು ತಡವಾಗಿಯೇ ಮುಟ್ಟುತ್ತದೆ ಅನ್ನಿ. ಶಬ್ದಕ್ಕೆ ಸೆಕೆಂಡಿಗೆ ಸುಮಾರು 340 ಮೀಟರಿಗಿಂತ ಹೆಚ್ಚು ನಡೆಯುವ ಶಕ್ತಿಯಿಲ್ಲ.

ಶ್ರಾವಣದಲ್ಲಿ ಅಣ್ಣನ ಮಗ ಗುಡಿಯ ಭಜನೆಯನ್ನು ರೆಕಾರ್ಡು ಮಾಡಲು ಹೊರಟ. ಎಲ್‌ಇಡಿಗಳ ಜೊತೆಗೆ ಹಳೆಯ ಹ್ಯಾಲೊಜೆನ್ನುಗಳೂ ಅವುಗಳ ಡಿಮ್ಮರೂ ಇದ್ದವು. ಮೈಕಿಗೂ ಡಿಮ್ಮರಿಗೂ ಒಂದೇ ಬೋರ್ಡಿನಿಂದ ಕರೆಂಟು. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು. ಒಂದೊಂದು ಸುತ್ತನ್ನೂ ಡಿಮ್ಮರು ಎರಡು ಕಡೆ ಕತ್ತರಿಸುವುದರಿಂದ 100ರ ಗುಂಯ್‌ಗುಟ್ಟುವಿಕೆ ಡಬ್ಬಿಗಳಲ್ಲಿ ಶುರುವಾಯಿತು. ಹುಡುಗ ಕೇಬಲ್ಲು ಕಿತ್ತು ಹಾಕುತ್ತಾ ಬೆವರುತ್ತಿದ್ದ. ಪೇಟಿ ಮಾಸ್ತರರು ಕಣ್ಣು ಮುಚ್ಚಿ ಆಲಿಸಿದರು. ದತ್ತ ಜಯಂತಿಗೆ ಮಾಣಿಕನಗರದ ಸಂಗೀತ ದರ್ಬಾರಿನಲ್ಲಿ ರಾತ್ರಿಯೆಲ್ಲ ಕೂತು ಕೇಳುವ ಕಿವಿ ಅದು. “ಶ್ರುತಿ ಪೆಟ್ಟಿಗಿ ಭಾಳ ಛಲೋ ತಂದೀಯಪ್ಪ. ಬಿಳಿ ಐದು. ಜರಾ ಏರದ, ನಡೀತದ.” ಮನೆಗೆ ಬಂದು ಲೆಕ್ಕ ಹಾಕಿದೆ: ಕೆಳಗಿನ ಸಪ್ತಕದ ಬಿಳಿ ಐದೆಂದರೆ 98. ಮಾಸ್ತರರ ‘ಜರಾ’ ಎಂದರೆ ಎರಡೇ ಎರಡು ಹರ್ಟ್ಜ್.

ತಪ್ಪು ಸಿಕ್ಕಿತು, ತೆಗೆದುಬಿಡಲೇ ಎಂದು ಹುಡುಗ ಕೇಳಿದರೆ ಮಾಸ್ತರರು ಬಿಡಲಿಲ್ಲ. ಎರಡು ಪದ ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಜನರೇಟರ್ ಹಚ್ಚಿದರು. ಅಷ್ಟು ಲೈಟುಗಳ ಭಾರಕ್ಕೆ ಅದು ಏದುಸಿರು ಬಿಡತೊಡಗಿತು. ಇಂಜಿನ್ನಿನ ಓಟ ತಗ್ಗಿದಂತೆ ಗುಂಯ್‌ಗುಟ್ಟುವಿಕೆಯೂ ಬಿಳಿ ಐದನ್ನು ಬಿಟ್ಟು ಕರಿ ಮೂರರ ಕಡೆ ಜಾರಿತು. ಮಾಸ್ತರರು ಪೇಟಿಯ ಭಾತೆ ನಿಲ್ಲಿಸಿ ಗದರಿದರು:

“ಏ ತಮ್ಮಾ, ಎರಡು ಲೈಟ್ ಆರಿಸೋ, ಶ್ರುತಿ ಇಳೀಲತ್ತದ!”

ಹುಡುಗ ನಾಲ್ಕು ಹ್ಯಾಲೊಜೆನ್ ಆರಿಸಿದ. ಜನರೇಟರ್ ಉಸಿರು ತೆಗೆದುಕೊಂಡಿತು, ಶ್ರುತಿ ಏರಿತು. ಅರೆಗತ್ತಲಲ್ಲಿ ತಾಳದವನು ಮುಂದಿನ ಪದ ಯಾವುದೆಂದು ಹುಡುಕುತ್ತಿದ್ದರೆ, ಮಾಸ್ತರರು “ಇನ್ನೊಂದು ಆರಿಸು, ಇನ್ನೊಂದು” ಎನ್ನುತ್ತಲೇ ಇದ್ದರು.