ಸಿಂಹವಿಲ್ಲದ ಸರ್ಕಸ್

ಕುಕ್ ಟೌನ್‌ನಿಂದ ಸರ್ಕಸ್‌ಗೆ ಹೊರಟ ನಮ್ಮ ಇಡೀ ಸಂಸಾರ ಒಂದೇ ಆಟೋದಲ್ಲಿ ಹಿಡಿಸಿದ್ದೇ ಅವತ್ತಿನ ಮೊದಲ ಐಟಂ. ಡೇರೆಯಲ್ಲಿ ಕೂತದ್ದೇ ತಡ, ಅಜ್ಜಿ “ಸಿಂಹ ಎಲ್ಲೋ?” ಎಂದರು. ಹುಲಿ, ಸಿಂಹ, ಕರಡಿ, ಕೋತಿಗಳ ಆಟಕ್ಕೆ ಕೇಂದ್ರ ಸರ್ಕಾರ 1998ರಲ್ಲೇ ತಡೆ ಹಾಕಿತು, 2001ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು ಎಂದೆ. “ಹಾಗಾದ್ರೆ ಟಿಕೆಟ್ಟೂ ಅರ್ಧ ಮಾಡ್ಬೇಕಿತ್ತು!”

ಅಷ್ಟರಲ್ಲಿ ಜೋಕಾಲಿಯ ಹುಡುಗಿ ಅಂಗೈಗೆ ಬಿಳಿ ಪುಡಿ ಉಜ್ಜಿಕೊಂಡು ಗಾಳಿಯಲ್ಲೇ ಪಲ್ಟಿ ಹೊಡೆದಳು. ಅಜ್ಜಿಯ ಚಕ್ಕುಲಿ ಬಾಯಿಯ ಹತ್ತಿರವೇ ನಿಂತಿತು. ಕಬ್ಬಿಣದ ಗೋಳದೊಳಗೆ ಬೈಕುಗಳು ಒಂದಕ್ಕೊಂದು ತಗುಲದೆ ಸುತ್ತಿದಾಗ ಮಗ ಮಾತ್ರ ಆಕಳಿಸಿದ: “ಪಾಟರಿ ರಸ್ತೆಯಲ್ಲಿ ಇದನ್ನ ದಿನಾ ಪುಕ್ಕಟೆ ನೋಡ್ತೀವಲ್ಲ!”

ಕೊನೆಗೆ ಜೋಕರ್ ಬಂದು, ತನಗೊಬ್ಬ ಸಹಾಯಕ ಬೇಕೆಂದ. ಮನೆಯವರೆಲ್ಲ ಒಟ್ಟಿಗೇ ನನ್ನತ್ತ ಬೆರಳು ತೋರಿಸಿದರು. ನಮ್ಮಲ್ಲಿ ಒಮ್ಮತ ಮೂಡಿದ್ದು ಅದೇ ಮೊದಲು.